‘ನನಗೆ ನಂಬಿಕೆ ಬರುತ್ತಿಲ್ಲ’ ಎಂದ ನಿರ್ದೇಶಕ

ಶಾಲಾ ವಾರ್ಷಿಕೋತ್ಸವಕ್ಕೆ ನಾಟಕ ಕಲಿಸುವ ಹೊಣೆ ಸಾಮಾನ್ಯವಾಗಿ ಕನ್ನಡ ಪಂಡಿತರದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, 1994ರಲ್ಲಿ, ನಮ್ಮ ಪಂಡಿತರು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದರು. ಹೆಡ್‌ಮಾಸ್ಟರು ನನ್ನನ್ನು ಕರೆದು, “ಮೇಷ್ಟ್ರೇ, ಈ ಸಲ ನಾಟಕ ನಿಮ್ಮ ತಲೆಗೆ” ಎಂದುಬಿಟ್ಟರು. ನನಗೆ ಗೊತ್ತಿದ್ದದ್ದು ಓಮ್‌ನ ನಿಯಮ, ಬೆಳಕಿನ ವಕ್ರೀಭವನ. ನಾಟಕವೆಂದರೆ ಊರ ಜಾತ್ರೆಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ನೋಡಿದ ಕಂಪನಿ ನಾಟಕಗಳಷ್ಟೆ. ಆ ಬಂಡವಾಳದ ಮೇಲೆಯೇ ಹರಿಶ್ಚಂದ್ರನ ಸ್ಮಶಾನದ ದೃಶ್ಯವನ್ನು ಆರಿಸಿಕೊಂಡೆ.

ಚಂದ್ರಮತಿಯ ಪಾತ್ರಕ್ಕೆ ಹತ್ತನೇ ತರಗತಿಯ ಒಬ್ಬ ಹುಡುಗ. ಮಾತು ಸ್ಪಷ್ಟ, ಕಂಠ ಚೆನ್ನ. ಆದರೆ ಮಗನ ಹೆಣದ ಮುಂದೆ ಕುಳಿತು ಅವನು ಪದ್ಯ ಒಪ್ಪಿಸುವಂತೆ ಗೋಳಾಡುತ್ತಿದ್ದ. ಕಣ್ಣಲ್ಲಿ ಒಂದು ಹನಿ ಇಲ್ಲ. ನಾಟಕದ ಹಿಂದಿನ ದಿನ ನನಗೊಂದು ಉಪಾಯ ಹೊಳೆಯಿತು. ಹಿಂದಿನ ಮಳೆಗಾಲದಲ್ಲಷ್ಟೇ ಆ ಹುಡುಗನ ತಂದೆ ತೀರಿಕೊಂಡಿದ್ದರು. ಅವನನ್ನು ಪಕ್ಕಕ್ಕೆ ಕರೆದು, “ನಿಮ್ಮಪ್ಪನ್ನ ಮನೆಯಿಂದ ಎತ್ತಿಕೊಂಡು ಹೋದ್ರಲ್ಲ, ಆ ಹೊತ್ತು ನೆನಪಿದೆಯೇನೋ? ನಾಳೆ ಅದನ್ನೇ ನೆನೆಸಿಕೊ” ಎಂದೆ.

ಹುಡುಗ ಅತ್ತ. ಜನರೂ ಅತ್ತರು. ಊರ ಪ್ರಮುಖರೊಬ್ಬರು ಅಲ್ಲೇ ಮೈಕು ತರಿಸಿಕೊಂಡು 51 ರೂಪಾಯಿ ಬಹುಮಾನ ಘೋಷಿಸಿದರು. ಪರದೆ ಬಿತ್ತು. ಆದರೆ ಅವನ ಅಳು ನಿಲ್ಲಲಿಲ್ಲ. ಸೀರೆ ಬಿಚ್ಚಿಸಿ, ಬಣ್ಣ ಒರೆಸಿ, ನೀರು ಕುಡಿಸಿದರೂ ನಿಲ್ಲಲಿಲ್ಲ. ಅವನ ತಾಯಿ ಹೆಂಗಸರ ಸಾಲಿನಿಂದ ಎದ್ದು ಬಂದು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ, ಮಗನ ಹೆಗಲ ಮೇಲೆ ಕೈಹಾಕಿ ಕರೆದುಕೊಂಡು ಹೋದರು. ಬಹುಮಾನದ ಲಕೋಟೆ ನನ್ನ ಕೈಯಲ್ಲೇ ಉಳಿಯಿತು. ನಾಲ್ಕು ದಿನ ಅವನು ಶಾಲೆಗೆ ಬರಲಿಲ್ಲ. ಆಮೇಲೆ ಬಂದ, ಪರೀಕ್ಷೆ ಬರೆದ, ಪಾಸಾದ. ಮತ್ತೆಂದೂ ಮುಖಕ್ಕೆ ಬಣ್ಣ ಹಚ್ಚಲಿಲ್ಲ.

ನಾನು ಮಾಡಿದ್ದರಲ್ಲಿ ಎಲ್ಲಿ ತಪ್ಪಿದೆ ಎಂಬುದು ಗೊತ್ತಾಗಲು ಕೆಲವು ವರ್ಷ ಬೇಕಾಯಿತು. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಭೌತಶಾಸ್ತ್ರದ ಪುಸ್ತಕ ಹುಡುಕುತ್ತಿದ್ದಾಗ ಮಾಸ್ಕೋದಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕವೊಂದು ಕೈಗೆ ಸಿಕ್ಕಿತು. ರಷ್ಯದ ರಂಗನಿರ್ದೇಶಕ ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್‌ಸ್ಕಿಯ ಆತ್ಮಕಥೆ, ‘ಮೈ ಲೈಫ್ ಇನ್ ಆರ್ಟ್’. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಅಭಿನಯ ಕಲಿಸಿದರೂ ಈತನ ಹೆಸರು ಬಂದೇ ಬರುತ್ತದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದವರ ಮೂಲಕ ನಮ್ಮ ಕನ್ನಡ ರಂಗಭೂಮಿಗೂ ಈ ಹೆಸರು ಹಳೆಯದೇ. ಆದರೆ ನನ್ನಂಥ ಹಳ್ಳಿ ಮೇಷ್ಟರಿಗೆ ಅದು ತಲುಪಿದ್ದು ರದ್ದಿ ಪುಸ್ತಕದ ದಾರಿಯಿಂದ.

ಹತ್ತಿಗೆ ಹತ್ತಿದ ಬೆಂಕಿ

ಆತ ಹೇಳುವ ಮೊದಲ ರಂಗಾನುಭವ ಸೊಗಸಾಗಿದೆ. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗು. ಮನೆಯವರು ಸೇರಿ ನಾಲ್ಕು ಋತುಗಳ ಒಂದು ದೃಶ್ಯ ಮಾಡುತ್ತಾರೆ. ಈ ಮಗುವಿಗೆ ಚಳಿಗಾಲದ ವೇಷ, ಮೈತುಂಬ ಹಿಮದ ಬದಲು ಹತ್ತಿ, ಮುಖಕ್ಕೆ ಬಿಳಿ ಗಡ್ಡ. ಸುಮ್ಮನೆ ಕೂರಬೇಕು. ಎಲ್ಲಿ ನೋಡಬೇಕು, ಯಾಕೆ ಕೂತಿದ್ದೇನೆ ಎಂದು ತಿಳಿಯದೆ ಮಗುವಿಗೆ ಮುಜುಗರ. ಎರಡನೆಯ ಸಲ ಕೈಗೊಂದು ಕಡ್ಡಿ ಕೊಟ್ಟು, ಎದುರಿಗೆ ಮೇಣದಬತ್ತಿ ಇಟ್ಟು, “ಬೆಂಕಿಗೆ ಹಿಡಿದಂತೆ ಮಾಡು, ನಿಜವಾಗಿ ಹಿಡಿಯಬೇಡ” ಎಂದು ಹೇಳಿದರು. ಹುಡುಗ ನಿಜವಾಗಿಯೇ ಹಿಡಿದ. ಹತ್ತಿಗೆ ಬೆಂಕಿ ತಗಲಿ ಗದ್ದಲವಾಯಿತು, ಮಗುವನ್ನು ಎತ್ತಿಕೊಂಡು ಓಡಿದರು.

ಕಡ್ಡಿಯನ್ನು ಬೆಂಕಿಗೆ ಹಿಡಿಯುವುದು ಅರ್ಥವುಳ್ಳ ಕೆಲಸ, ಹಿಡಿದಂತೆ ನಟಿಸುವುದು ಅರ್ಥವಿಲ್ಲದ್ದು ಎಂದು ಅವನಿಗೆ ಅಂದೇ ಅನ್ನಿಸಿತ್ತಂತೆ. ದೊಡ್ಡವನಾದ ಮೇಲೆ ಎಪ್ಪತ್ತೈದರ ವಯಸ್ಸಿನವರೆಗೆ ಆತ ಹುಡುಕಿದ್ದು ಈ ಪ್ರಶ್ನೆಗೇ ಉತ್ತರವನ್ನು: ಹತ್ತಿಗೆ ಬೆಂಕಿ ತಗಲದಂತೆ, ಆದರೆ ಸುಳ್ಳೂ ಆಗದಂತೆ ಕಡ್ಡಿಯನ್ನು ಹಿಡಿಯುವುದು ಹೇಗೆ?

1863ರಲ್ಲಿ ಮಾಸ್ಕೋದ ಅಲೆಕ್ಸೇಯೆವ್ ಎಂಬ ಸಿರಿವಂತ ಮನೆತನದಲ್ಲಿ ಹುಟ್ಟಿದ. ಮನೆತನದ ಕಸುಬು ಕೇಳಿದರೆ ನಮ್ಮ ರೇಷ್ಮೆ ಸೀರೆಯ ಓದುಗಿಯರಿಗೆ ಖುಷಿಯಾದೀತು: ಚಿನ್ನ ಬೆಳ್ಳಿಯ ಜರಿ ತಯಾರಿಕೆ. ಸ್ಟಾನಿಸ್ಲಾವ್‌ಸ್ಕಿ ಎಂಬುದು ನಾಟಕದ ಹುಚ್ಚು ಮನೆಯವರಿಗೆ ತಿಳಿಯದಿರಲೆಂದು ಇಟ್ಟುಕೊಂಡ ಹೆಸರು. ಆದರೆ ಕ್ರಾಂತಿಯಾಗುವವರೆಗೂ ಅವನು ಕಾರ್ಖಾನೆಯ ಜವಾಬ್ದಾರಿ ಬಿಡಲಿಲ್ಲ. ಹೊಸ ಯಂತ್ರಗಳನ್ನು ನೋಡಿ ಬರಲು ವಿದೇಶಕ್ಕೂ ಹೋಗಿಬಂದ. ಜರಿಯ ಎಳೆ ಮಾಡುವುದು ಹೀಗೆ: ಲೋಹದ ಸಲಾಕೆಯನ್ನು ಒಂದಕ್ಕಿಂತ ಒಂದು ಕಿರಿದಾದ ತೂತುಗಳ ಮೂಲಕ ಎಳೆಯುತ್ತ ಎಳೆಯುತ್ತ ಕೂದಲಿನಷ್ಟು ತೆಳ್ಳಗೆ ಮಾಡಬೇಕು. ಅವಸರ ಮಾಡಿದರೆ ತುಂಡಾಗುತ್ತದೆ. ಈತ ನಟರನ್ನು ತಿದ್ದುತ್ತಿದ್ದ ರೀತಿಯನ್ನು ಓದುವಾಗ ನನಗೆ ಈ ಕಾರ್ಖಾನೆಯೇ ಕಣ್ಣಮುಂದೆ ಬರುತ್ತಿತ್ತು. ಇದು ನನ್ನ ಊಹೆ, ಅವನು ಹಾಗೆ ಹೇಳಿಲ್ಲ.

ಆ ಕಾಲದ ರಷ್ಯದ ರಂಗಭೂಮಿಯಲ್ಲಿ ಪ್ರತಿಭಾವಂತ ನಟರಿಗೆ ಕೊರತೆ ಇರಲಿಲ್ಲ, ಶಿಸ್ತಿಗೆ ಇತ್ತು. ತಾಲೀಮು ಕಡಿಮೆ. ಮಾತು ಮರೆತರೆ ಎತ್ತಿಕೊಡಲು ಪ್ರಾಂಪ್ಟರ್ ಇದ್ದಾನೆ. ಚಪ್ಪಾಳೆ ಬಿದ್ದರೆ ನಟ ದೃಶ್ಯದ ನಡುವೆಯೇ ಪಾತ್ರ ಬಿಟ್ಟು ಬಾಗಿ ನಮಸ್ಕಾರ ಹಾಕುತ್ತಾನೆ. ನಮ್ಮ ಕಂಪನಿ ನಾಟಕಗಳಲ್ಲಿ ಸತ್ತು ಮಲಗಿದವನು ‘ಒನ್ಸ್ ಮೋರ್’ ಕೇಳಿ ಎದ್ದು ಹಾಡಿ ಮತ್ತೆ ಸಾಯುತ್ತಿದ್ದನಲ್ಲ, ಆ ಜಾತಿಯದೇ. (ಅದರ ಮಜಾ ಬೇರೆ, ಅದನ್ನು ನಾನು ಹಳಿಯಲಾರೆ.)

1897ರ ಜೂನ್ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ಸ್ಟಾನಿಸ್ಲಾವ್‌ಸ್ಕಿಯೂ ನಾಟಕಕಾರ ನೆಮಿರೋವಿಚ್ ದಾಂಚೆಂಕೊನೂ ಮಾಸ್ಕೋದ ಹೋಟೆಲೊಂದರಲ್ಲಿ ಊಟಕ್ಕೆ ಕೂತರು. ಮಾತು ಮುಗಿದದ್ದು ಮರುದಿನ ಬೆಳಗ್ಗೆ ಎಂಟಕ್ಕೆ. ಹದಿನೆಂಟು ಗಂಟೆಯ ಆ ಮಾತುಕತೆಯಿಂದ ಹುಟ್ಟಿದ್ದು ಮಾಸ್ಕೋ ಆರ್ಟ್ ಥಿಯೇಟರ್. ಅಂದು ಮಾಡಿಕೊಂಡ ಕರಾರುಗಳು ಸರಳ. ಇಂದು ರಾಜನಾದವನು ನಾಳೆ ಮಾತಿಲ್ಲದ ಸೇವಕನಾಗಲು ಸಿದ್ಧನಿರಬೇಕು. ತಡವಾಗಿ ಬರುವುದು, ಮಾತು ಕಲಿಯದೆ ಬರುವುದು ಕಲೆಗೆ ಬಗೆಯುವ ದ್ರೋಹ. ಸಾಹಿತ್ಯದ ವಿಷಯದಲ್ಲಿ ಒಬ್ಬನ ಮಾತೇ ಕೊನೆ, ಪ್ರಯೋಗದ ವಿಷಯದಲ್ಲಿ ಇನ್ನೊಬ್ಬನದು. ಮುಂದೆ ಇಬ್ಬರೂ ಜಗಳವಾಡಿ ಮಾತು ಬಿಟ್ಟರೂ ಸಂಸ್ಥೆ ಮುರಿಯಲಿಲ್ಲ.

ಮರುವರ್ಷ ಡಿಸೆಂಬರಿನಲ್ಲಿ ಅವರು ಚೆಕಾಫ್‌ನ ‘ದಿ ಸೀಗಲ್’ ಆಡಿದರು. ಇದೇ ನಾಟಕ 1896ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹೀನಾಯವಾಗಿ ಬಿದ್ದಿತ್ತು. ಇನ್ನು ನಾಟಕದ ಸಹವಾಸವೇ ಬೇಡವೆಂದು ಚೆಕಾಫ್ ಊರು ಬಿಟ್ಟಿದ್ದ. ಕ್ಷಯರೋಗಿಯಾದ ಅವನಿಗೆ ಮತ್ತೊಂದು ಸೋಲು ಪ್ರಾಣಕ್ಕೇ ಮುಳುವೆಂದು ಎಲ್ಲರಿಗೂ ಭಯ. ನಟರೆಲ್ಲ ನಡುಕ ತಡೆಯಲು ಔಷಧಿಯ ಹನಿ ಕುಡಿದು ರಂಗಕ್ಕೆ ಬಂದಿದ್ದರಂತೆ. ಮೊದಲ ಅಂಕ ಮುಗಿದಾಗ ಸಭಾಂಗಣದಲ್ಲಿ ಸ್ಮಶಾನಮೌನ. ಒಬ್ಬ ನಟಿ ಅಳು ತಡೆದುಕೊಂಡಳು. ಸೋತೆವು ಎಂದು ಎಲ್ಲರೂ ಒಳಗೆ ಹೊರಟಾಗ ಚಪ್ಪಾಳೆ ಸಿಡಿಯಿತು.

ಅದರಲ್ಲಿ ಸ್ಟಾನಿಸ್ಲಾವ್‌ಸ್ಕಿಯದು ಟ್ರಿಗೋರಿನ್ ಎಂಬ ಪ್ರಸಿದ್ಧ ಲೇಖಕನ ಪಾತ್ರ. ಬಿಳಿಯ ಸೂಟು, ಠೀವಿ, ಚೆಲುವ. ಆಮೇಲೆ ನೋಡಿದ ಚೆಕಾಫ್, ಚೆನ್ನಾಗಿ ಮಾಡಿದ್ದೀರಿ, ಆದರೆ ಅವನಿಗೆ ಹರಿದ ಬೂಟು, ಚೌಕುಳಿಯ ಪ್ಯಾಂಟು ಬೇಕು ಎಂದನಂತೆ. ಹೆಚ್ಚಿಗೆ ವಿವರಿಸಲಿಲ್ಲ. ಚೆಕಾಫ್ ವೈದ್ಯ ನೋಡಿ, ಚೀಟಿ ಬರೆದ ಹಾಗೆ ಮಾತು. ಅದರ ಅರ್ಥ ಸ್ಟಾನಿಸ್ಲಾವ್‌ಸ್ಕಿಗೆ ಹೊಳೆದದ್ದು ಬಹಳ ತಡವಾಗಿ. ಹಳ್ಳಿಯ ಹುಡುಗಿ ಪ್ರೀತಿಸಿದ್ದು ಅವನ ಚೆಲುವನ್ನಲ್ಲ, ತನ್ನ ಕನಸನ್ನು. ಹರಿದ ಬೂಟಿನ ಸಾಧಾರಣ ಮನುಷ್ಯನಲ್ಲಿ ಅವಳು ದೇವರನ್ನು ಕಂಡಳು ಎಂಬಲ್ಲೇ ಇರುವುದು ಆ ದುರಂತ. ತಾನು ಹಾಕಿಕೊಂಡ ಬಿಳಿ ಸೂಟು ನಾಟಕದ ಸತ್ಯವನ್ನೇ ಮುಚ್ಚಿತ್ತು ಎಂದು ಯಾವ ಸಂಕೋಚವೂ ಇಲ್ಲದೆ ಬರೆದುಕೊಂಡಿದ್ದಾನೆ.

ಮುದುಕಿಯ ಹಾಡು

ಹೊರಗಿನ ಸತ್ಯದ ಹಿಂದೆ ಅವನು ಬಿದ್ದ ಪರಿ ಒಮ್ಮೊಮ್ಮೆ ನಗು ತರಿಸುತ್ತದೆ. ಹಳೆಯ ರಾಜರ ನಾಟಕಕ್ಕೆ ಊರೂರು ಸುತ್ತಿ ಹಳೆಯ ಬಟ್ಟೆ, ಪಾತ್ರೆ ಕೊಂಡು ತಂದ. 1902ರಲ್ಲಿ ಗಾರ್ಕಿಯ ‘ದಿ ಲೋಯರ್ ಡೆಪ್ತ್ಸ್’ ಆಡುವ ಮೊದಲು ನಟರನ್ನು ಕಟ್ಟಿಕೊಂಡು ಮಾಸ್ಕೋದ ಖಿತ್ರೋವ್ ಮಾರುಕಟ್ಟೆಯ ಭಿಕಾರಿಗಳ ಕೊಂಪೆಗೆ ಹೋಗಿಬಂದ. ಚೆಕಾಫ್‌ನ ನಾಟಕಗಳಲ್ಲಿ ಪರದೆಯ ಹಿಂದೆ ಮಿಡತೆ, ಕಪ್ಪೆ, ನಾಯಿಗಳ ಸದ್ದು ಎಷ್ಟಿತ್ತೆಂದರೆ ಸ್ವತಃ ಚೆಕಾಫ್‌ಗೆ ರೇಗುತ್ತಿತ್ತು. ಚೆಕಾಫ್‌ನ ಪಕ್ಷವೇ ಸರಿ ಎಂದು ನನ್ನ ಅಭಿಪ್ರಾಯ. ಕಪ್ಪೆ ವಟಗುಟ್ಟಿದ ಮಾತ್ರಕ್ಕೆ ದುಃಖ ನಿಜವಾಗುವುದಿಲ್ಲ.

ಇದನ್ನು ಅವನಿಗೆ ಕಲಿಸಿದ್ದು ಒಬ್ಬಳು ಹಳ್ಳಿಯ ಮುದುಕಿ. 1902ರಲ್ಲೇ ಟಾಲ್‌ಸ್ಟಾಯ್‌ನ ‘ದಿ ಪವರ್ ಆಫ್ ಡಾರ್ಕ್‌ನೆಸ್’ ತಯಾರಾಗುತ್ತಿತ್ತು. ರೈತಾಪಿ ಬದುಕಿನ ಕಥೆ. ಹಳ್ಳಿಯ ನಡೆನುಡಿ ಹೇಳಿಕೊಡಲು ತೂಲಾ ಪ್ರಾಂತದಿಂದ ಒಬ್ಬ ಮುದುಕಿಯನ್ನು ಕರೆತಂದರು. ಒಂದು ದಿನ ಪಾತ್ರಧಾರಿಣಿಯ ಬದಲು ಅವಳನ್ನೇ ರಂಗಕ್ಕೆ ಹತ್ತಿಸಿ ನೋಡಿದರೆ, ಅವಳು ಒಂದೆರಡು ಮಾತಾಡಿದೊಡನೆ ಸುತ್ತಲಿದ್ದ ನುರಿತ ನಟರೆಲ್ಲ ಮರದ ಗೊಂಬೆಗಳಂತೆ ಕಂಡರು! ಆದರೆ ಮುದುಕಿ ಟಾಲ್‌ಸ್ಟಾಯ್‌ನ ಮಾತನ್ನು ಬಿಟ್ಟು ತನ್ನ ಹಳ್ಳಿಯ ಬೈಗುಳಗಳನ್ನೇ ಸುರಿಸತೊಡಗಿದಳು. ಅವು ಸಭ್ಯರ ಕಿವಿಗೆ ಆಗುವಂಥವಲ್ಲ. ಆ ಪಾತ್ರ ಬಿಡಿಸಿ ಗುಂಪಿನಲ್ಲಿ ನಿಲ್ಲಿಸಿದರು. ಅಲ್ಲೂ ಅವಳೊಬ್ಬಳೇ ನಿಜ, ಉಳಿದವರು ಸುಳ್ಳು. ಪರದೆಯ ಹಿಂದೆ ಕೂರಿಸಿ ಬರೀ ಹಾಡಲು ಹೇಳಿದರು. ಕೊನೆಗೆ ಅವಳ ಹಾಡನ್ನು ಫೋನೋಗ್ರಾಫಿನಲ್ಲಿ ಮುದ್ರಿಸಿಕೊಂಡು ಹಿನ್ನೆಲೆಯಲ್ಲಿ ಬಳಸಿದರು. ಆಗ ಮಾತ್ರ ಉಳಿದವರ ಬಂಡವಾಳ ಬಯಲಾಗಲಿಲ್ಲ.

ನಾನಾಗಿದ್ದರೆ ಇದನ್ನು ತಮಾಷೆಯಾಗಿ ಹೇಳಿ ಮುಗಿಸುತ್ತಿದ್ದೆ. ಅವನಿಗೆ ಇದೊಂದು ಪ್ರಯೋಗದ ಫಲಿತಾಂಶ. ಪ್ರಯೋಗಶಾಲೆಯಲ್ಲಿ ನಮ್ಮ ಮಕ್ಕಳು ಪುಸ್ತಕದಲ್ಲಿರುವ ಉತ್ತರ ಬರಲೆಂದು ಅಳತೆ ತಿದ್ದುತ್ತಾರೆ. ಗುರುತ್ವದ ಬೆಲೆ 9.8 ಬರಲೇಬೇಕು, ಬಾರದಿದ್ದರೆ ರಬ್ಬರು ಇದ್ದೇ ಇದೆ. ಬಂದ ಅಳತೆಯನ್ನೇ ಬರೆದು, ಯಾಕೆ ಹೀಗೆ ಬಂತು ಎಂದು ಕೇಳುವ ಮಗು ನೂರಕ್ಕೊಂದು. ಮುದುಕಿ ನಿಜವಾಗಿ ಕಂಡಳು, ನಮ್ಮ ನಟರು ಸುಳ್ಳಾಗಿ ಕಂಡರು, ಉಡುಪು ಎಲ್ಲರದ್ದೂ ಒಂದೇ. ಹಾಗಾದರೆ ನಿಜ ಉಡುಪಿನಲ್ಲಿಲ್ಲ ಎಂದು ಸ್ಟಾನಿಸ್ಲಾವ್‌ಸ್ಕಿ ಬರೆದುಕೊಂಡ.

ಇದಕ್ಕಿಂತ ಕಠಿಣ ಪ್ರಯೋಗ ಅವನ ಮೇಲೆಯೇ ನಡೆಯಿತು. ಇಬ್ಸೆನ್‌ನ ‘ಆ್ಯನ್ ಎನಿಮಿ ಆಫ್ ದಿ ಪೀಪಲ್’ ನಾಟಕದ ಡಾಕ್ಟರ್ ಸ್ಟಾಕ್‌ಮನ್ ಅವನ ಅತ್ಯಂತ ಪ್ರಸಿದ್ಧ ಪಾತ್ರ. ಊರಿನ ಸ್ನಾನಗೃಹದ ನೀರು ಕೊಳಕಾಗಿದೆ ಎಂಬ ನಿಜ ಹೇಳಿ ಇಡೀ ಊರಿನ ವೈರ ಕಟ್ಟಿಕೊಳ್ಳುವ ವೈದ್ಯ. 1901ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಈ ನಾಟಕ ಆಡಿದ ದಿನವೇ ನಗರದ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಪೊಲೀಸರ ದೌರ್ಜನ್ಯ ನಡೆದಿತ್ತು. ಸತ್ಯಕ್ಕಾಗಿ ಹೋರಾಡಲು ಹೊರಟವನು ಹೊಸ ಬಟ್ಟೆ ಹಾಕಿಕೊಂಡು ಹೋಗಬಾರದು ಎಂಬರ್ಥದ ಮಾತು ಬಂದಾಗ ಪ್ರೇಕ್ಷಕರು ಎದ್ದು ರಂಗದತ್ತ ನುಗ್ಗಿ ಅವನ ಕೈ ಹಿಡಿದುಕೊಂಡರು. ಯಾವ ನಟನಿಗೆ ಬೇಕಾಗಿಲ್ಲ ಇಂಥ ಗಳಿಗೆ?

ಐದು ವರ್ಷಗಳ ನಂತರ, 1906ರ ಬೇಸಿಗೆಯಲ್ಲಿ, ಫಿನ್‌ಲೆಂಡಿನ ಕಡಲ ತೀರದ ಬಂಡೆಯ ಮೇಲೆ ಕುಳಿತು ತನ್ನ ಹಳೆಯ ಪಾತ್ರಗಳನ್ನು ಒಂದೊಂದಾಗಿ ನೆನೆದ. ಆಗಷ್ಟೇ ಜರ್ಮನಿಯ ಪ್ರವಾಸದಲ್ಲಿ ಭಾರಿ ಹೊಗಳಿಕೆ ಪಡೆದು ಬಂದಿದ್ದ. ಆದರೆ ಮನಸ್ಸಿಗೆ ಸಂತೋಷವಿಲ್ಲ. ಸ್ಟಾಕ್‌ಮನ್‌ನ ಅವಸರದ ನಡಿಗೆ, ಮುಂದಕ್ಕೆ ಚಾಚಿದ ಎರಡು ಬೆರಳು, ಸಮೀಪದೃಷ್ಟಿಯವನ ನೋಟ ಎಲ್ಲವನ್ನೂ ಪ್ರತಿ ರಾತ್ರಿ ತಪ್ಪದೆ ಮಾಡುತ್ತಿದ್ದ. ಆ ಬೆರಳುಗಳು ಮೊದಲು ತಾನಾಗಿ ಮೂಡಿದ್ದು ಒಳಗಿನ ಆವೇಶದಿಂದ. ಈಗ ಆವೇಶ ಎಂದೋ ಆರಿಹೋಗಿದೆ, ಬೆರಳು ಮಾತ್ರ ಚಾಚುತ್ತಿದೆ. ಜನಕ್ಕೆ ವ್ಯತ್ಯಾಸ ತಿಳಿದಿಲ್ಲ, ಚಪ್ಪಾಳೆ ಕಡಿಮೆಯಾಗಿಲ್ಲ. ಹೀಗಿದ್ದರೂ ಅವನು ತನಗೆ ತಾನೇ ಹೇಳಿಕೊಂಡ: ಇದು ಸುಳ್ಳು.

ನಲವತ್ಮೂರು ವರ್ಷ, ಕೀರ್ತಿಯ ಶಿಖರ. ಅಲ್ಲಿಂದ ಅವನು ಮತ್ತೆ ಒಂದನೇ ತರಗತಿಗೆ ಸೇರಿದ. ಸ್ಟಾನಿಸ್ಲಾವ್‌ಸ್ಕಿ ದೊಡ್ಡವನೆಂದು ನಾನು ಒಪ್ಪುವುದು ಈ ಒಂದು ಕಾರಣಕ್ಕೆ. ತಾಲೀಮಿನಲ್ಲಿ ಕತ್ತಲ ಸಾಲಿನಿಂದ ‘ನನಗೆ ನಂಬಿಕೆ ಬರುತ್ತಿಲ್ಲ’ ಎಂದು ಅವನು ಕೂಗುತ್ತಿದ್ದ ಮಾತಿಗೆ ರಷ್ಯದ ನಟರು ನಡುಗುತ್ತಿದ್ದರು. ಒಂದೇ ವಾಕ್ಯಕ್ಕೆ ಗಂಟೆಗಟ್ಟಲೆ ಹಿಂಸೆ. ಆದರೆ ಆ ಮಾತನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವನು ಅವನೇ.

ಕಣ್ಣೀರಿಗೆ ಆಜ್ಞೆ ಇಲ್ಲ

ಇಲ್ಲಿ ಸ್ವಲ್ಪ ನನ್ನ ಪಾಠ. ಕೈ ಎತ್ತು ಎಂದರೆ ಎತ್ತಬಹುದು, ಏಕೆಂದರೆ ಅಲ್ಲಿಯ ಸ್ನಾಯುಗಳು ನಮ್ಮ ಇಚ್ಛೆಯ ಅಧೀನ. ಕಣ್ಣೀರಿನ ಗ್ರಂಥಿಗೆ, ಹೃದಯದ ಬಡಿತಕ್ಕೆ, ಮುಖ ಬಿಳಚಿಕೊಳ್ಳುವುದಕ್ಕೆ ಆಜ್ಞೆ ಹೋಗುವುದು ಸ್ವಯಂಚಾಲಿತ ನರಮಂಡಲದಿಂದ. ನಮ್ಮ ಅಪ್ಪಣೆ ಅಲ್ಲಿ ನೇರವಾಗಿ ನಡೆಯದು. ಬಾಯಲ್ಲಿ ನೀರೂರಲಿ ಎಂದು ತರಗತಿಯಲ್ಲಿ ಆಜ್ಞೆ ಮಾಡಿದರೆ ಯಾರಿಗೂ ಊರುವುದಿಲ್ಲ. ಎಳೆಯ ಮಾವಿನಕಾಯಿಯನ್ನು ಹೋಳು ಮಾಡಿ ಉಪ್ಪು ಖಾರ ಸವರುವುದನ್ನು ನಿಧಾನವಾಗಿ ವರ್ಣಿಸಿ ನೋಡಿ, ಹಿಂದಿನ ಬೆಂಚಿನವರೂ ಉಗುಳು ನುಂಗುತ್ತಾರೆ. ಅದೇ ಕಾಲದಲ್ಲಿ, ಅದೇ ರಷ್ಯದಲ್ಲಿ, ಪಾವ್ಲೋವ್ ತನ್ನ ನಾಯಿಗಳ ಜೊಲ್ಲಿನಲ್ಲಿ ಅಳೆಯುತ್ತಿದ್ದದ್ದೂ ಇಂಥದ್ದನ್ನೇ.

ಭಾವ ಎಂಬುದು ಆಜ್ಞೆಗೆ ಬಾರದ್ದು, ಅದಕ್ಕೆ ಬಳಸುದಾರಿ ಬೇಕು ಎಂದು ಸ್ಟಾನಿಸ್ಲಾವ್‌ಸ್ಕಿ ಅರಿತ. ಮೊದಲು ಅವನಿಗೆ ಕಂಡ ದಾರಿ ನೆನಪು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ, ನೋಡಿದ ಕೇಳಿದ ನೆನಪುಗಳಂತೆ ಭಾವಗಳಿಗೂ ಒಂದು ನೆನಪಿದೆ ಎಂದು ಬರೆದಿದ್ದ. ಅದನ್ನು ಓದಿದ ಸ್ಟಾನಿಸ್ಲಾವ್‌ಸ್ಕಿ, ನಟ ತನ್ನ ಜೀವನದ ನಿಜವಾದ ದುಃಖವನ್ನು ನೆನೆದು ಪಾತ್ರಕ್ಕೆ ಜೀವ ತುಂಬಬಹುದು ಎಂದು ಪ್ರಯೋಗಕ್ಕೆ ಇಳಿದ. 1912ರಲ್ಲಿ ಇದಕ್ಕೆಂದೇ ಎಳೆಯರ ಒಂದು ‘ಸ್ಟುಡಿಯೊ’ ತೆರೆದ. ಅದರಲ್ಲಿ ಚೆಕಾಫ್‌ನ ಅಣ್ಣನ ಮಗ ಮಿಖಾಯಿಲ್ ಚೆಕಾಫ್ ಕೂಡ ಇದ್ದ. ರಂಗವಲಯದಲ್ಲಿ ಅವನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಅಪ್ಪನ ಶವಸಂಸ್ಕಾರವನ್ನು ನೆನೆದು ಅವನು ಅಭಿನಯಿಸಿದಾಗ ಗುರು ಕರಗಿ ತಬ್ಬಿಕೊಂಡನಂತೆ. ಆಮೇಲೆ ನೋಡಿದರೆ ಅಪ್ಪ ಇನ್ನೂ ಬದುಕಿಯೇ ಇದ್ದ! ಕಥೆ ನಿಜವೋ ಕಟ್ಟಿದ್ದೋ, ಅದರೊಳಗಿನ ಪ್ರಶ್ನೆ ಮಾತ್ರ ಚುಚ್ಚುವಂಥದ್ದು. ಸತ್ತ ಅಪ್ಪನನ್ನು ನೆನೆದು ಅತ್ತವನಿಗೂ ಬದುಕಿರುವ ಅಪ್ಪನನ್ನು ಕಲ್ಪಿಸಿಕೊಂಡು ಅತ್ತವನಿಗೂ ನೋಡುವವರ ಕಣ್ಣಿನಲ್ಲಿ ಏನೂ ಭೇದವಿಲ್ಲದಿದ್ದರೆ, ಪಾಪ, ಮೊದಲನೆಯವನ ಗಾಯವನ್ನು ಕೆದಕುವುದೇಕೆ?

ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸ್ಟಾನಿಸ್ಲಾವ್‌ಸ್ಕಿ ಈ ದಾರಿಯನ್ನು ಪೂರ್ತಿ ಬಿಡಲಿಲ್ಲ, ಆದರೆ ಅದು ಮುಖ್ಯ ದಾರಿಯಲ್ಲವೆಂದು ಕ್ರಮೇಣ ಕಂಡುಕೊಂಡ. ಭಾವವನ್ನು ಹಿಂಡಿ ತೆಗೆಯಲು ಹೋದರೆ ಅದು ಅಡಗಿಕೊಳ್ಳುತ್ತದೆ, ಅಥವಾ ನಟನ ಉನ್ಮಾದವಾಗಿ ಬದಲಾಗುತ್ತದೆ. ಅದರ ಬದಲು ನಟ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಒಂದು ವೇಳೆ’ ಎಂಬುದು. ಒಂದು ವೇಳೆ ನಾನು ಈ ಸ್ಥಿತಿಯಲ್ಲಿದ್ದರೆ ಏನು ಮಾಡುತ್ತೇನೆ? ಏನು ಅನುಭವಿಸುತ್ತೇನೆ ಎಂದಲ್ಲ, ಏನು ಮಾಡುತ್ತೇನೆ. ಬಾಗಿಲ ಹಿಂದೆ ಹುಚ್ಚನೊಬ್ಬ ನಿಂತಿದ್ದರೆ ಹೆದರಿದಂತೆ ಮುಖ ಮಾಡಿಕೊಂಡು ಕೂರುವವರುಂಟೇ? ಅಗುಳಿ ಹಾಕುತ್ತೇವೆ, ಮೇಜು ಎಳೆದು ಅಡ್ಡ ಇಡುತ್ತೇವೆ, ಕಿಟಕಿ ನೋಡುತ್ತೇವೆ. ಅದನ್ನು ನಿಜವಾಗಿ ಮಾಡತೊಡಗಿದರೆ ಹೆದರಿಕೆ ತಾನಾಗಿ ಹಿಂಬಾಲಿಸುತ್ತದೆ. ಕರಡಿ ಕಂಡು ಹೆದರಿ ಓಡುತ್ತೇವೆ ಎನ್ನುವುದಕ್ಕಿಂತ ಓಡುವುದರಿಂದ ಹೆದರುತ್ತೇವೆ ಎಂದು ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲೇ ವಾದಿಸಿದ್ದ. 1983ರಲ್ಲಿ ಪಾಲ್ ಎಕ್‌ಮನ್ ಮತ್ತು ಸಂಗಡಿಗರು ನಟರ ಮುಖದ ಸ್ನಾಯುಗಳನ್ನಷ್ಟೇ ಕೋಪದ, ಭಯದ ರೀತಿಯಲ್ಲಿ ಜೋಡಿಸಿ ನೋಡಿದಾಗ ಹೃದಯದ ಬಡಿತ ಏರಿದ್ದನ್ನು ದಾಖಲಿಸಿದರು. ಈ ವಾದಕ್ಕೆ ತಕರಾರುಗಳಿವೆ, ವಿಜ್ಞಾನದಲ್ಲಿ ಇರಬೇಕಾದ್ದೇ. ಆದರೆ ಮೈಯಿಂದ ಮನಸ್ಸಿಗೆ ಒಂದು ದಾರಿ ಇದೆಯೆಂಬುದನ್ನು ರಂಗದ ಮೇಲೆ ಕಂಡುಕೊಂಡವನಿಗೆ ಯಂತ್ರೋಪಕರಣ ಯಾವುದೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಅವನ ಹಳೆಯ ಪಾಠವೇ ಮೊದಲು ಅಮೆರಿಕ ಸೇರಿತು. 1920ರ ದಶಕದಲ್ಲಿ ಅವನ ತಂಡ ಅಲ್ಲಿ ಪ್ರವಾಸ ಮಾಡಿದ ಮೇಲೆ ಶಿಷ್ಯರು ಕೆಲವರು ಅಲ್ಲೇ ನೆಲೆಸಿ ಕಲಿಸತೊಡಗಿದರು. ಸ್ವಂತ ದುಃಖವನ್ನು ಕೆದಕುವುದೇ ಅಭಿನಯವೆಂಬ ಪಂಥ ಬೆಳೆಯಿತು. ಅದರಿಂದ ಬಳಲಿದ ನಟಿ ಸ್ಟೆಲ್ಲಾ ಆ್ಯಡ್ಲರ್ 1934ರಲ್ಲಿ ಪ್ಯಾರಿಸಿನಲ್ಲಿ ಸ್ಟಾನಿಸ್ಲಾವ್‌ಸ್ಕಿಯನ್ನೇ ಹುಡುಕಿಕೊಂಡು ಹೋಗಿ, ನಿಮ್ಮ ಪದ್ಧತಿ ನನ್ನ ನಟನೆಯ ಸುಖವನ್ನೇ ಕಿತ್ತುಕೊಂಡಿತು ಎಂದು ದೂರಿದಳು. ಕಾಯಿಲೆಯ ಮನುಷ್ಯ ವಾರಗಟ್ಟಲೆ ಅವಳ ಜೊತೆ ಕೂತು ಹೇಳಿಕೊಟ್ಟದ್ದು ಇದನ್ನೇ: ಸನ್ನಿವೇಶ ನೋಡು, ಕೆಲಸ ನೋಡು, ಕಲ್ಪನೆಯನ್ನು ನಂಬು. ಈ ಆ್ಯಡ್ಲರಳ ಬಳಿ ಕಲಿತವನು ಮರ್ಲನ್ ಬ್ರ್ಯಾಂಡೊ.

ನಮ್ಮವರಿಗೆ ಇದೆಲ್ಲ ತೀರ ಹೊಸತೇ? ಸ್ತಂಭ, ಸ್ವೇದ, ರೋಮಾಂಚ, ಅಶ್ರು ಮೊದಲಾದ ಎಂಟು ಸಾತ್ವಿಕ ಭಾವಗಳನ್ನು ಭರತ ಬೇರೆಯೇ ಇಟ್ಟಿದ್ದಾನೆ. ಸತ್ತ್ವ ಹುಟ್ಟುವುದು ಮನಸ್ಸಿನ ಏಕಾಗ್ರತೆಯಿಂದ, ಮನಸ್ಸು ಬೇರೆಲ್ಲೋ ಇದ್ದವನಿಗೆ ಅವು ಸಾಧ್ಯವಿಲ್ಲ ಎಂಬುದು ಅವನ ಮಾತಿನ ಸಾರ. ಸ್ಟಾನಿಸ್ಲಾವ್‌ಸ್ಕಿ ಭರತನನ್ನು ಓದಿದಂತೆ ಕಾಣುವುದಿಲ್ಲ, ಆದರೆ ಸ್ಟುಡಿಯೊದಲ್ಲಿ ಉಸಿರಾಟದ ಅಭ್ಯಾಸ ಮಾಡಿಸುತ್ತ ‘ಪ್ರಾಣ’ ಎಂಬ ನಮ್ಮ ಶಬ್ದವನ್ನೇ ಬಳಸುತ್ತಿದ್ದ. ಅದು ಸಿಕ್ಕಿದ್ದು ಯೋಗಿ ರಾಮಚರಕ ಎಂಬವನ ಹಠಯೋಗದ ಪುಸ್ತಕದಿಂದ. ಆ ಯೋಗಿ ಯಾರೆಂದರೆ ಅಮೆರಿಕದ ವಿಲಿಯಂ ಆಟ್ಕಿನ್‌ಸನ್ ಎಂಬ ವಕೀಲ! ಹೀಗೆ ನಮ್ಮ ಪ್ರಾಣಾಯಾಮ ಚಿಕಾಗೋ ಸುತ್ತಿ ಮಾಸ್ಕೋ ಮುಟ್ಟಿತು.

ಕೊನೆಯ ಹತ್ತು ವರ್ಷ

1928ರ ಅಕ್ಟೋಬರಿನಲ್ಲಿ ಸಂಸ್ಥೆಯ ಮೂವತ್ತನೇ ವರ್ಷದ ಸಮಾರಂಭ. ಚೆಕಾಫ್‌ನ ‘ತ್ರೀ ಸಿಸ್ಟರ್ಸ್’ನಲ್ಲಿ ಅವನು ಪಾತ್ರ ಮಾಡುತ್ತಿದ್ದಾಗಲೇ ಎದೆನೋವು ಬಂತು. ಅಂಕ ಮುಗಿಯುವವರೆಗೆ ತಡೆದುಕೊಂಡ. ಆಮೇಲೆ ಮತ್ತೆಂದೂ ರಂಗ ಹತ್ತಲಿಲ್ಲ. ನಟರೇ ಅವನ ಮನೆಗೆ ಬರುತ್ತಿದ್ದರು. ಗೊಗೊಲ್‌ನ ‘ಡೆಡ್ ಸೋಲ್ಸ್’ ತಾಲೀಮಿನಲ್ಲಿ ತೊಪೊರ್ಕೋವ್ ಎಂಬ ಹೆಸರಾಂತ ನಟನಿಗೆ ಅವನು ಭಾವದ ಮಾತೇ ಆಡುತ್ತಿರಲಿಲ್ಲ. ನಿನ್ನ ಪಾತ್ರ ಸತ್ತ ಆಳುಗಳ ಹೆಸರನ್ನು ಕೊಳ್ಳುತ್ತಾನಲ್ಲ, ಯಾಕೆ, ಅದರಿಂದ ಅವನಿಗೆ ಏನು ಲಾಭ ಎಂದು ಸಂತೆಯ ವ್ಯಾಪಾರಿಯಂತೆ ಲೆಕ್ಕ ಕೇಳುತ್ತಿದ್ದ.

ಹೊರಗೆ ಸ್ಟಾಲಿನ್‌ನ ಕಾಲ. ಸರ್ಕಾರ ಸ್ಟಾನಿಸ್ಲಾವ್‌ಸ್ಕಿಯನ್ನು ವಿಗ್ರಹ ಮಾಡಿ ಕೂರಿಸಿತ್ತು, ಅವನ ಪದ್ಧತಿಯೇ ಎಲ್ಲರಿಗೂ ಕಡ್ಡಾಯವಾಗುವ ದಾರಿಯಲ್ಲಿತ್ತು. ಮೆಯರ್‌ಹೋಲ್ಡ್ ಅವನ ಹಳೆಯ ನಟ, ಮೊದಲ ‘ಸೀಗಲ್’ನಲ್ಲಿ ಎಳೆಯ ಕವಿಯ ಪಾತ್ರ ಮಾಡಿದವನು. ಆಮೇಲೆ ಗುರುವಿನ ವಾಸ್ತವವಾದವನ್ನು ಧಿಕ್ಕರಿಸಿ ಬೇರೆ ದಾರಿ ಹಿಡಿದಿದ್ದ. 1938ರ ಜನವರಿಯಲ್ಲಿ ಸರ್ಕಾರ ಮೆಯರ್‌ಹೋಲ್ಡನ ರಂಗಮಂದಿರಕ್ಕೆ ಬೀಗ ಹಾಕಿತು. ಅವನನ್ನು ಕಂಡರೆ ಜನ ರಸ್ತೆ ದಾಟಿ ಹೋಗುವ ಹೊತ್ತಿನಲ್ಲಿ ಸ್ಟಾನಿಸ್ಲಾವ್‌ಸ್ಕಿ ಅವನನ್ನು ಕರೆದು ತನ್ನ ಸಂಗೀತ ನಾಟಕದ ಸಂಸ್ಥೆಯಲ್ಲಿ ಕೆಲಸ ಕೊಟ್ಟ. ಅದೇ ವರ್ಷ ಆಗಸ್ಟ್ 7ರಂದು ಸ್ಟಾನಿಸ್ಲಾವ್‌ಸ್ಕಿ ತೀರಿಕೊಂಡ. 1939ರಲ್ಲಿ ಮೆಯರ್‌ಹೋಲ್ಡನ ಬಂಧನವಾಯಿತು, 1940ರ ಫೆಬ್ರುವರಿಯಲ್ಲಿ ಗುಂಡಿಟ್ಟು ಕೊಂದರು.

2011ರಲ್ಲಿ ಮತ್ತೆ ನಾಟಕ ನನ್ನ ಪಾಲಿಗೆ ಬಂತು. ಹಟಕ್ಕೆಂಬಂತೆ ಅದೇ ಸ್ಮಶಾನದ ದೃಶ್ಯವನ್ನೇ ಎತ್ತಿಕೊಂಡೆ. ಚಂದ್ರಮತಿಯಾಗಿ ಒಂಬತ್ತನೇ ತರಗತಿಯ ಹುಡುಗಿ. ಅಳು ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಲೋಹಿತಾಶ್ವ ದರ್ಭೆ ಕೊಯ್ಯಲು ಹೋದಾಗ ಹಾವು ಕಚ್ಚಿದ್ದು, ಹಾಗಾದರೆ ಅವನ ಮುಷ್ಟಿಯಲ್ಲಿ ಇನ್ನೂ ಹುಲ್ಲಿದೆ, ಮೊದಲು ಆ ಬೆರಳುಗಳನ್ನು ಬಿಡಿಸು ಎಂದೆ. ಕೂದಲಿನ ಕಸ ತೆಗೆ. ಅಂಗಾಲಿನಲ್ಲಿ ಮುಳ್ಳಿದೆಯೇ ನೋಡು. ತಾಲೀಮಿನಲ್ಲಿ ಅಂಗಾಲು ಮುಟ್ಟಿದಾಗಲೆಲ್ಲ ಹೆಣವಾಗಿದ್ದ ಆರನೇ ತರಗತಿಯ ಪೋರ ಕಿಸಕ್ಕನೆ ನಗುತ್ತಿದ್ದ. ಅವನನ್ನು ಸುಮ್ಮನಿರಿಸುವುದೇ ದೊಡ್ಡ ನಿರ್ದೇಶನವಾಯಿತು.

ಆ ರಾತ್ರಿ ಹುಡುಗಿ ಒಂದೊಂದೇ ಬೆರಳು ಬಿಡಿಸಿದಳು. ಹುಲ್ಲಿನ ಎಸಳು ತೆಗ್ದು ಮಡಿಲಿಗೆ ಹಾಕಿಕೊಂಡಳು, ಎಸೆಯಲಿಲ್ಲ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮೈದಾನದಲ್ಲಿ ಮಕ್ಕಳ ಗಲಾಟೆಯೂ ನಿಂತಿತು. ಯಾರೂ ಬಹುಮಾನ ಕೂಗಲಿಲ್ಲ. ಪರದೆ ಬಿದ್ದೊಡನೆ ಅವಳು ಸೀರೆ ಎತ್ತಿ ಕಟ್ಟಿಕೊಂಡು, ಚಿತ್ರಾನ್ನ ಖಾಲಿಯಾಯಿತೇ ಎಂದು ಕೇಳುತ್ತ ಓಡಿದಳು.

ಮೈಕು, ಲೈಟಿನ ಕೆಲಸಕ್ಕೆ ಅಂದು ಬಂದಿದ್ದವನು ನಮ್ಮೂರಿನ ಎಲೆಕ್ಟ್ರಿಷಿಯನ್. ಹದಿನೇಳು ವರ್ಷದ ಹಿಂದೆ ಚಂದ್ರಮತಿಯಾಗಿದ್ದ ಅದೇ ಹುಡುಗ. ಎಲ್ಲರೂ ಹೋದ ಮೇಲೆ ಅವನ ಹತ್ತಿರ ಹೋಗಿ ನಿಂತೆ. ಅಷ್ಟು ವರ್ಷ ಹೇಳದೆ ಉಳಿಸಿಕೊಂಡ ಮಾತು ಬಾಯಿಗೆ ಬಂದಿತ್ತು. ಅವನು ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದವನು ತಲೆ ಎತ್ತಿ, “ಆ ಮುಷ್ಟಿ ಬಿಡಿಸಿದ್ದು ಚೆನ್ನಾಗಿತ್ತು ಸಾರ್” ಎಂದ. ಆಮೇಲೆ, “ಆ ತುದಿ ಸ್ವಲ್ಪ ಹಿಡ್ಕೊಳ್ಳಿ” ಎಂದು ವೈರಿನ ಇನ್ನೊಂದು ಕೊನೆಯನ್ನು ನನ್ನ ಕೈಗೆ ಕೊಟ್ಟ.